ಬಾಳ್ಯಾನಿಗೆ ಆಯೇರಿ

ಸಂಗ್ಯಾ ಸಾಯುತ್ತಾನೆ ಎಂಬುದು ಆಟ ಶುರುವಾಗುವ ಮೊದಲೇ ಗೋಕಾಕ ಫಾಲ್ಸಿನ ತೊಟ್ಟಿಲ ಕೂಸಿಗೂ ಗೊತ್ತಿರುತ್ತಿತ್ತು. ಯಾರು ಕೊಲ್ಲುತ್ತಾರೆ, ಯಾತಕ್ಕೆ ಕೊಲ್ಲುತ್ತಾರೆ, ಜೀವದ ಗೆಳೆಯನನ್ನು ನಂಬಿಸಿ ಕರೆದೊಯ್ದು ಸಾವಿಗೆ ಒಪ್ಪಿಸುವವನು ಯಾರು, ಎಲ್ಲ ಗೊತ್ತು. ಹಾಡು ಗೊತ್ತು, ಹಾಡಿನ ಮುಂದಿನ ಸೊಲ್ಲು ಗೊತ್ತು, ಹಾರ್ಮೋನಿಯಂ ಮಾಸ್ತರ ಯಾವ ಸೊಲ್ಲಿಗೆ ಕೆಮ್ಮುತ್ತಾನೆ ಎಂಬುದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದ ಮಂದಿ ರಾತ್ರಿ ಉಂಡು, ಕಂಬಳಿ ಕೌದಿ ಹೊತ್ತುಕೊಂಡು ಬಂದು, ನೆಲದ ಮೇಲೆ ಜಾಗ ಹಿಡಿದು, ಬೆಳ್ಳಿಚಿಕ್ಕಿ ಮೂಡುವ ತನಕ ಕುಳಿತಿರುತ್ತಿದ್ದರು. ಮುಂದೇನಾದೀತು ಎಂಬ ಕುತೂಹಲಕ್ಕಂತೂ ಅವರು ಬರುತ್ತಿರಲಿಲ್ಲ. ಮತ್ತೆ ಯಾತಕ್ಕೆ ಬರುತ್ತಿದ್ದರು ಎಂದು ಆಗ ನಾವು ಯಾರೂ ಕೇಳಲಿಲ್ಲ. ಜಾತ್ರೆಗೆ ಯಾಕೆ ಹೋಗುತ್ತೀ ಎಂದು ಯಾರನ್ನಾದರೂ ಕೇಳಿದ್ದುಂಟೇ?

ಇದೆಲ್ಲ ಮತ್ತೆ ನೆನಪಿಗೆ ಬಂದದ್ದು ನನ್ನ ಸೋದರಳಿಯನ ದೆಸೆಯಿಂದ. ಅವನು ಮೊಬೈಲಿನಲ್ಲಿ ಒಂದು ಕೊಲೆಯ ಕಥೆ ನೋಡುತ್ತಿದ್ದ. ಎಂಟು ಕಂತಿನದು. ಕೊಲೆ ಮಾಡಿದವನು ಯಾರೆಂದು ಮೊದಲ ಕಂತಿನಲ್ಲೇ ತೋರಿಸಿಬಿಟ್ಟಿದ್ದರಂತೆ. "ಇನ್ನ ಏಳು ಎಪಿಸೋಡ್ ಅಂವ ಕಿಡಕ್ಯಾಗ ನಿಂತು ಹೊರಗ ನೋಡತಾನ ಮಾಮಾ. ಭಾಳ ಸ್ಲೋ ಐತಿ" ಎಂದು ಬೇಸರಪಟ್ಟುಕೊಂಡು, ಏನೋ ಒತ್ತಿ ಅದನ್ನು ಒಂದೂವರೆ ಪಟ್ಟು ವೇಗಕ್ಕೆ ಏರಿಸಿದ. ನಾನೂ ಬಗ್ಗಿ ನೋಡಿದೆ. ಕೊಲೆಗಾರ ಲಗುಬಗೆಯಿಂದ ನಿಟ್ಟುಸಿರು ಬಿಟ್ಟ. ದಡಬಡಿಸಿ ಅತ್ತ. ನಡುರಾತ್ರಿ ಎದ್ದು ಕೈತೊಳೆಯಲು ಹೋದವನು ಬಚ್ಚಲಿಗೆ ಓಡುತ್ತ ಹೋಗಿ ಓಡುತ್ತ ಬಂದ. ಹೆಂಡತಿ "ನಿಮಗ ಏನಾಗೇತಿ?" ಎಂದು ಕೇಳಿ ಮುಗಿಸುವಷ್ಟರಲ್ಲಿ "ಏನಿಲ್ಲ" ಎಂದುಬಿಟ್ಟ. ಮನಸ್ಸಿನ ಸಂಕಟಕ್ಕೂ ಬಸ್ಸು ತಪ್ಪೀತೆಂಬ ಅವಸರ. ನನಗೆ ನಗು ಬಂತು. ಅಳಿಯ ತಲೆ ಎತ್ತಿ, "ಏನ್ ನಗತೀರಿ? ಇದು ಸೀರಿಯಸ್ ಐತಿ" ಎಂದ.

ನಮ್ಮ ಕಾಲದ ಸಂಗ್ಯಾ ಬಾಳ್ಯಾ ಎಷ್ಟು ಸಾವಕಾಶದ್ದು ಎಂದು ಅವನಿಗೆ ಹೇಗೆ ತಿಳಿಸಲಿ? ಅಲ್ಲಿ ಒಬ್ಬ "ಎಲ್ಲಿಗೆ ಹೊಂಟೀ ಗೆಳೆಯಾ" ಎಂದು ಕೇಳಬೇಕಾದರೆ ಮೊದಲು ಹಾಡಿನಲ್ಲಿ ಕೇಳುತ್ತಾನೆ. ಹಿಮ್ಮೇಳದವರು ಆ ಸೊಲ್ಲನ್ನು ಎತ್ತಿಕೊಂಡು ಮತ್ತೆ ಕೇಳುತ್ತಾರೆ. ದಪ್ಪಿನವನಿಗೆ ಹುರುಪು ಬಂದರೆ ಇನ್ನೊಂದು ಸುತ್ತು. ಆಮೇಲೆ ಅದನ್ನೇ ಮಾತಿನಲ್ಲಿ ಕೇಳುತ್ತಾನೆ. ಉತ್ತರವೂ ಇದೇ ಕ್ರಮದಲ್ಲಿ ಬರಬೇಕು. ಅಷ್ಟರಲ್ಲಿ ಕೆಳಗೆ ಕುಳಿತವರಲ್ಲಿ ಒಬ್ಬ ಎದ್ದು ಹೋಗಿ ಬೀಡಿ ಸೇದಿ, ಚಹಾ ಕುಡಿದು ಬಂದರೂ ಕಥೆ ಕದಲಿರುತ್ತಿರಲಿಲ್ಲ. ಎಲ್ಲಿ ಬಿಟ್ಟು ಹೋಗಿದ್ದನೋ ಅಲ್ಲೇ ಅವನಿಗಾಗಿ ಕಾದಿರುತ್ತಿತ್ತು.

ಕಥೆ ಬೈಲಹೊಂಗಲದ್ದು, ನಡೆದ ಸಂಗತಿ ಎಂದೇ ನಮ್ಮ ಕಡೆಯವರೆಲ್ಲರ ನಂಬಿಕೆ. ಪತ್ತಾರ ಮಾಸ್ತರರು ಅದನ್ನು ಸಣ್ಣಾಟವಾಗಿ ಕಟ್ಟಿದರು. ಸಂಗ್ಯಾ ಉಳ್ಳವರ ಮನೆಯ ಹುಡುಗ, ಬಾಳ್ಯಾ ಅವನ ಗೆಳೆಯ. ಈರಣ್ಣನ ಹೆಂಡತಿ ಗಂಗಿಯನ್ನು ನೋಡಿ ಸಂಗ್ಯಾನಿಗೆ ಅನ್ನ ನೀರು ಸೇರದಾಗುತ್ತದೆ. ಈರಣ್ಣ ವ್ಯಾಪಾರಕ್ಕೆಂದು ಪರಊರಿಗೆ ಹೋಗುತ್ತಾನೆ, ಆಗಬಾರದ್ದು ಆಗುತ್ತದೆ. ಗೆಳೆಯನ ಗುಟ್ಟನ್ನು ಬಲ್ಲ ಬಾಳ್ಯಾನೇ ಈರಣ್ಣನ ಕಡೆಗೆ ತಿರುಗಿ, ಸಂಗ್ಯಾನನ್ನು ಅಣ್ಣತಮ್ಮಂದಿರ ಕೈಗೆ ಸಿಗುವ ಹಾಗೆ ಮಾಡುತ್ತಾನೆ. ಇಷ್ಟೇ. ಘಟಪ್ರಭೆಯ ದಂಡೆಯ ಮೇಲೆ, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಪುಸ್ತಕವಾಗಿ ತಂದರು. ಅವರದೇ 'ಜೋಕುಮಾರಸ್ವಾಮಿ'ಯಲ್ಲೂ ಪರರ ಹೆಂಡತಿ ಮತ್ತು ಒಂದು ಕೊಲೆ ಇದೆ. ಘೋಡಗೇರಿಯನ್ನು ಸವರಿಕೊಂಡು ಬಂದ ನೀರೇ ನಮ್ಮೂರಲ್ಲಿ ಬಂಡೆಯಿಂದ ಧುಮುಕುತ್ತದೆ ಎಂಬುದು ಫಾಲ್ಸಿನವರಿಗೆ ಒಂದು ಸಣ್ಣ ಜಂಬ. ಜ್ಞಾನಪೀಠ ಅವರಿಗೆ ಬಂದಾಗ ನಮ್ಮ ಚಹಾದಂಗಡಿಯಲ್ಲಿ ಒಬ್ಬರು, "ಅದೇ ನೀರು ನಾವೂ ಕುಡದೇವಿ, ನಮಗ ಯಾಕ ಬರಲಿಲ್ಲೋ" ಎಂದು ಕೇಳಿದ್ದರು. "ನೀವು ಕುದಿಸಿ ಕುಡದ್ರಿ" ಎಂದಿದ್ದ ಅಂಗಡಿಯವ.

ಆ ನೀರು 52 ಮೀಟರ್ ಕೆಳಗೆ ಬೀಳುತ್ತದೆ. ಹಳಬರ ಲೆಕ್ಕದಲ್ಲಿ 171 ಅಡಿ. ಮಳೆಗಾಲದಲ್ಲಿ ಅದರ ಸದ್ದಿನ ಮುಂದೆ ಯಾವ ಆಟವೂ ನಡೆಯದು. ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ನದಿ ಸೊರಗಿ ಬಂಡೆಗೆ ಅಂಟಿಕೊಂಡ ಎಳೆಯಾಗುತ್ತಿತ್ತು. ಆಗ ದಪ್ಪಿನ ಪೆಟ್ಟು ತೂಗು ಸೇತುವೆಯ ಆಚೆ ತುದಿಗೂ ಕೇಳುತ್ತಿತ್ತು. ನದಿ ಬಾಯಿ ಮುಚ್ಚಿದ ಮೇಲೆಯೇ ನಮ್ಮೂರ ಮನುಷ್ಯರಿಗೆ ಬಾಯಿ ತೆರೆಯಲು ಅವಕಾಶ. 1880ರ ದಶಕದಲ್ಲಿ ಇದೇ ನೀರಿನ ಬಲವನ್ನು ನೆಚ್ಚಿ ನೂಲಿನ ಮಿಲ್ಲು ಬಂತು. ಬೆಂಗಳೂರಿನ ಬೀದಿಗಳು ಇನ್ನೂ ಎಣ್ಣೆದೀಪದಲ್ಲಿದ್ದಾಗ, 1887ರಲ್ಲಿ, ಇಲ್ಲಿ ನೀರಿನಿಂದ ಕರೆಂಟು ತೆಗೆದಿದ್ದರು. ಊರು ಬೆಳೆದದ್ದೇ ಮಿಲ್ಲಿನ ಸುತ್ತ. ಹಾಗಾಗಿ ನಮ್ಮಲ್ಲಿ ಹೊತ್ತನ್ನು ಹೇಳುತ್ತಿದ್ದದ್ದು ಭೋಂಗಾ, ಅಂದರೆ ಮಿಲ್ಲಿನ ಸೈರನ್ನು. ಮದುವೆಯ ಅಕ್ಕಿಕಾಳು, ಹೆರಿಗೆಯ ನೋವು, ಸತ್ತವರನ್ನು ಒಯ್ಯುವುದು, ಎಲ್ಲವೂ ಯಾವುದಾದರೊಂದು ಭೋಂಗಾದ ಮೊದಲು ಅಥವಾ ಆಮೇಲೆ.

ಆಟ ನೋಡುವುದೂ ಪಾಳಿಯ ಪ್ರಕಾರವೇ. ಎರಡನೇ ಪಾಳಿಯವರು ಕೆಲಸ ಬಿಟ್ಟು, ತಲೆಗೂದಲಲ್ಲಿ ಅರಳೆಯ ಎಳೆಗಳನ್ನು ಹೊತ್ತುಕೊಂಡೇ ನಡುರಾತ್ರಿಗೆ ಬಂದು ಕೂಡುತ್ತಿದ್ದರು. ಅವರ ಪಾಲಿಗೆ ಸಂಗ್ಯಾ ಗಂಗಿಯನ್ನು ಮೊದಲು ಕಂಡದ್ದೇ ಇಲ್ಲ. ಅವರು ಬರುವಷ್ಟರಲ್ಲಿ ಅವನು ಹಾಸಿಗೆ ಹಿಡಿದಿರುತ್ತಿದ್ದ. ಬೆಳಗಿನ ಪಾಳಿಯವರದು ಇನ್ನೂ ಫಜೀತಿ. ಬಾಳ್ಯಾ ಗೆಳೆಯನನ್ನು ಕರೆಯಲು ಬಂದ, ಸಂಗ್ಯಾ ಪಟಕಾ ಸುತ್ತಿಕೊಂಡು ಎದ್ದ, ಇನ್ನೇನು ಹೊರಟರು ಎನ್ನುವಾಗ ಮೊದಲ ಭೋಂಗಾ ಆಗುತ್ತಿತ್ತು. ಅವರೂ ಏಳುತ್ತಿದ್ದರು. ಸಂಗ್ಯಾ ಸಾಯಲು, ಇವರು ನೂಲಲು. ಹೀಗೆ ನಮ್ಮ ಓಣಿಯಲ್ಲಿ ವರ್ಷವರ್ಷವೂ ಸಂಗ್ಯಾ ಬಾಳ್ಯಾ ನೋಡಿದ, ಆದರೆ ಸಂಗ್ಯಾ ಸತ್ತದ್ದನ್ನು ಎಂದೂ ನೋಡದ ಗಂಡಸರಿದ್ದರು.

ನಾವು ಹುಡುಗರೂ ನೋಡಿದವರಲ್ಲ. "ಕೊಲಿ ಬಂದಾಗ ಎಬ್ಬಸಬೇ" ಎಂದು ಅವ್ವನಿಗೆ ಹೇಳಿ, ಆಣೆ ಹಾಕಿಸಿಕೊಂಡು, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆವು. ಅವ್ವ ಎಬ್ಬಿಸುತ್ತಿರಲಿಲ್ಲ. ಬೆಳಗಾದ ಮೇಲೆ ಜಗಳ ತೆಗೆದರೆ, "ಎಬ್ಬಿಸಿದ್ನಲ್ಲ, ನೀನs ಏಳಲಿಲ್ಲ" ಎಂದು ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಇನ್ನು ಹೆಂಗಸರು ಆ ಹೊತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರುತ್ತಿದ್ದರು. ಮುದುಕರಿಗೆ ಕಣ್ಣು ಕಾಣುತ್ತಿರಲಿಲ್ಲ. ಅಷ್ಟು ಮಂದಿಯ ನಡುವೆ, ಪೆಟ್ರೋಮ್ಯಾಕ್ಸಿನ ಝಗಝಗ ಬೆಳಕಿನಲ್ಲಿ ನಡೆದ ಕೊಲೆಗೆ, ಪೊಲೀಸರು ಬಂದು ಕೇಳಿದ್ದರೆ ಒಬ್ಬ ಸಾಕ್ಷಿ ಸಿಗುವುದು ಕಷ್ಟವಿತ್ತು.

ದೊಡ್ಡಾಟ ಹೀಗಲ್ಲ. ಅಲ್ಲಿ ಕಿರೀಟ, ಭುಜಕೀರ್ತಿ, ರಾಕ್ಷಸರ ಅಬ್ಬರ. ಪಾಪ ಮಾಡುವವರು ನಮ್ಮ ನೆಂಟರಲ್ಲ ಎಂಬುದು ವೇಷ ನೋಡಿದರೇ ತಿಳಿಯುತ್ತದೆ. ಸಣ್ಣಾಟದಲ್ಲೂ ಕೃಷ್ಣ ಪಾರಿಜಾತದಂಥದ್ದು ಬೇರೆ. ನಮ್ಮ ಸೀಮೆಯ ಕುಲಗೋಡ ತಮ್ಮಣ್ಣ ಅದನ್ನು ಊರೂರಿಗೆ ಒಯ್ದವರು, ಕೌಜಲಗಿ ನಿಂಗಮ್ಮ ಅದರಲ್ಲಿ ಹೆಸರು ಮಾಡಿದವರು. ಅಲ್ಲಿ ಕೃಷ್ಣನೂ ಇಬ್ಬರು ಹೆಂಡಿರ ನಡುವೆ ಸಿಕ್ಕಿ ಸುಳ್ಳು ಹೇಳುತ್ತಾನೆ, ಆದರೆ ದೇವರಾದ್ದರಿಂದ ಪಾರಾಗುತ್ತಾನೆ. ನಾವೂ ನಕ್ಕು ಮನೆಗೆ ಬರುತ್ತೇವೆ. ಸಂಗ್ಯಾ ಬಾಳ್ಯಾದಲ್ಲಿ ಪಾರುಮಾಡಲು ದೇವರಿಲ್ಲ. ಧೋತರ, ಪಟಕಾ, ಇಳಕಲ್ ಸೀರೆ. ಅದೂ ಎಷ್ಟೋ ಸಲ ನಮ್ಮ ಓಣಿಯವರಿಂದಲೇ ಕಡ ತಂದದ್ದು. ಒಂದು ಸಲ ಈರಣ್ಣ ಸುತ್ತಿದ್ದ ಪಟಕಾ ನಮ್ಮ ಕಾಕಾನದು. ಆ ಪಟಕಾ ಕೊಲೆಗೆ ಹೊರಟಾಗ ನಮ್ಮ ಆಯಿ, "ರಕ್ತ ಹತ್ತಿಸಿಕೊಂಡು ಬರಬ್ಯಾಡೋ, ನಾಳೆ ಅದಕ್ಕ ಲಗ್ನಕ್ಕ ಹೋಗೂದೈತಿ" ಎಂದು ಕೂಗಿ ಹೇಳಿದ್ದು ಓಣಿಯಲ್ಲಿ ಬಹಳ ದಿನ ಮಾತಾಯಿತು. ಕಾಕಾ ಆ ಪಟಕಾ ಸುತ್ತಿಕೊಂಡು ಲಗ್ನಕ್ಕೆ ಹೋದದ್ದೇನೋ ನಿಜ. ಊಟದ ಪಂಕ್ತಿಯಲ್ಲಿ ಅವನ ಪಕ್ಕದ ಮಣೆ ಬಹಳ ಹೊತ್ತು ಖಾಲಿ ಇತ್ತಂತೆ.

ಆಯಿಗೆ ಆಟ ಬೇರೆ, ಬಾಳು ಬೇರೆ ಎಂಬ ಗೆರೆ ಇರಲಿಲ್ಲ. ಈರಣ್ಣ ವ್ಯಾಪಾರಕ್ಕೆ ಹೊರಟರೆ "ಹೋಗಬ್ಯಾಡೋ, ಮನ್ಯಾಗ ಹರೇದ ಹೆಣ್ತಿ ಅದಾಳ" ಎಂದು ಪ್ರತಿ ಸಲ ತಡೆಯುತ್ತಿದ್ದಳು. ಅವನು ಪ್ರತಿ ಸಲ ಹೋಗುತ್ತಿದ್ದ. ಗಂಗಿಯ ಮೇಲೆ ಆಕೆಗೆ ಸಿಟ್ಟಿರಲಿಲ್ಲ. "ಪಾಪ, ಆಕೀನ ಯಾರೂ ಏನೂ ಕೇಳಲೇ ಇಲ್ಲ" ಎನ್ನುತ್ತಿದ್ದಳು. ಇದನ್ನು ಮುಂದೆ ಓದು ಬಲ್ಲವರು ದೊಡ್ಡ ದೊಡ್ಡ ಮಾತಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಆಯಿಯ ಸಿಟ್ಟೆಲ್ಲ ಬಾಳ್ಯಾನ ಮೇಲೆ. ಅವನು ರಂಗಕ್ಕೆ ಬಂದೊಡನೆ ಆಕೆ ಅಡಿಕೆ ಅಗಿಯುವುದನ್ನು ನಿಲ್ಲಿಸುತ್ತಿದ್ದಳು.

ಬಾಳ್ಯಾ ಯಾಕೆ ಹಾಗೆ ಮಾಡಿದ? ಆಟ ಮುಗಿದ ಮೇಲೆ ವಾರಗಟ್ಟಲೆ ಫಾಲ್ಸಿನಲ್ಲಿ ಇದೇ ಚರ್ಚೆ. ನಳದ ಮುಂದೆ ಕೊಡ ಸಾಲಿಟ್ಟ ಹೆಂಗಸರು ರೊಕ್ಕದ ಆಸೆ ಎನ್ನುತ್ತಿದ್ದರು. ಮಿಲ್ಲಿನ ಬಾಗಿಲಲ್ಲಿ ಗಂಡಸರು ಜೀವದ ಹೆದರಿಕೆ ಎನ್ನುತ್ತಿದ್ದರು. ಕ್ಷೌರದಂಗಡಿಯಲ್ಲಿ ಒಬ್ಬ ಹಿರಿಯರು, ಗಲ್ಲದ ಮೇಲೆ ಕತ್ತಿ ಇದ್ದಾಗಲೇ, "ಹೊಟ್ಟಿಕಿಚ್ಚು. ಗೆಳೆಯಾ ಉಂಡದ್ದನ್ನ ಬರೇ ಕಾವಲು ಕಾಯೂದಂದ್ರ ಸಣ್ಣ ಮಾತೇನು?" ಎಂದರು. ಅಂಗಡಿ ಒಂದು ಗಳಿಗೆ ಸುಮ್ಮನಾಯಿತು. ಕ್ಷೌರದವನ ಕೈಯೂ ನಿಂತಿತು. ಆ ಕತ್ತಿ ಮತ್ತೆ ಆಡುವ ತನಕ ಅಲ್ಲಿ ಕುಳಿತವರೆಲ್ಲ ಯಾರು ಯಾರನ್ನು ನೆನೆದರೋ.

ಆಟದ ಮರುದಿನ ಓಣಿಯಲ್ಲಿ ಇನ್ನೊಂದು ಸೋಜಿಗ ನಡೆಯುತ್ತಿತ್ತು. ಕಡ ಒಯ್ದ ಸಾಮಾನುಗಳು ಮನೆಗೆ ಬರುತ್ತಿದ್ದವು. ಯಾವಾಗಲೋ ಹೋಗಿದ್ದ ಹಿತ್ತಾಳೆ ಚರಗಿ, ರೊಟ್ಟಿ ಬಡಿಯುವ ಕೊಮ್ಮಣಿಗೆ, ಅಳೆಯುವ ಸೇರು, ಒಮ್ಮೆಯಂತೂ ನಾವು ಕಳೆದುಹೋಯಿತೆಂದು ಮರೆತಿದ್ದ ಒಂದು ಕೊಡಲಿ. ತಂದುಕೊಡುವವರು ಹೆಚ್ಚು ಮಾತಾಡುತ್ತಿರಲಿಲ್ಲ. "ಇಟ್ಕೊಳ್ರೆವ್ವಾ, ಮರತಬಿಟ್ಟಿದ್ವಿ" ಎಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಹಬ್ಬಕ್ಕೆ ಬರಲಿಲ್ಲ, ಅಮವಾಸ್ಯೆಗೆ ಬರಲಿಲ್ಲ, ಬಾಯಿ ಬಿಟ್ಟು ಕೇಳಿದರೂ ಬರಲಿಲ್ಲ. ಬಾಳ್ಯಾ ಒಂದು ರಾತ್ರಿ ಕುಣಿದು ಹೋದರೆ ಬರುತ್ತಿತ್ತು. ಅವ್ವ ಇದನ್ನು ಕಂಡುಕೊಂಡಿದ್ದಳು. ಸಾಲ ವಸೂಲಾಗದೆ ಕಂಗೆಟ್ಟ ಪಕ್ಕದ ಮನೆಯವರಿಗೆ, "ಈ ಸಲ ಜಾತ್ರಿಗೆ ಪಾರಿಜಾತ ಬ್ಯಾಡ, ಸಂಗ್ಯಾ ಬಾಳ್ಯಾನs ಕರಸ್ರಿ ಅನ್ರಿ ಪಂಚರಿಗೆ" ಎಂದು ಸಲಹೆ ಕೊಟ್ಟಿದ್ದಳು.

ಇಂಥ ಕಥೆಯ ಹದ ಜಗತ್ತಿನಲ್ಲಿ ಬೇರೆಯವರಿಗೂ ಗೊತ್ತು. 1866ರಲ್ಲಿ ರಷ್ಯಾದ ದಾಸ್ತೋವ್ಸ್ಕಿ ಒಂದು ಪತ್ರಿಕೆಯಲ್ಲಿ 'ಅಪರಾಧ ಮತ್ತು ಶಿಕ್ಷೆ'ಯನ್ನು ಕಂತುಕಂತಾಗಿ ಬರೆದ. ಆರು ಭಾಗದ ಕಾದಂಬರಿ. ರಸ್ಕೋಲ್ನಿಕೋವ್ ಎಂಬ ಹುಡುಗ ಬಡ್ಡಿ ಮುದುಕಿಯನ್ನು ಕೊಲ್ಲುವುದು ಮೊದಲ ಭಾಗದಲ್ಲೇ ಆಗಿಹೋಗುತ್ತದೆ. ಉಳಿದ ಐದು ಭಾಗ ಅವನ ಜ್ವರ, ಕನವರಿಕೆ, ಜಗಳ, ಅಲೆದಾಟ. ನನ್ನ ಅಳಿಯ ಆಗ ಅಲ್ಲಿದ್ದಿದ್ದರೆ ಪುಟಗಳನ್ನು ಎರಡೆರಡಾಗಿ ತಿರುವುತ್ತಿದ್ದ. ಆ ಓದುಗರು ಮಾತ್ರ ವರ್ಷವಿಡೀ ಕಾದು ಓದಿದರು. ಈಗೀಗ ನಮಗೆ ಹಿಡಿಸುವುದು ಬೇರೆ. 2014ರಲ್ಲಿ 'ದೃಶ್ಯ' ಬಂದಾಗ ನಾನೂ ಹೋಗಿ ನೋಡಿದ್ದೇನೆ. ಮಲಯಾಳದಿಂದ ಬಂದ ಕಥೆ, ರವಿಚಂದ್ರನ್ ಅವರ ಅಭಿನಯ ಒಳ್ಳೆಯದೇ. ಒಂದು ಸಾವನ್ನು ಮುಚ್ಚಿಡುವ ಮನೆಯವರು ಸಿಕ್ಕಿಬೀಳಬಾರದೆಂದು ಇಡೀ ಟಾಕೀಸು ಉಸಿರು ಬಿಗಿಹಿಡಿದು ಹರಕೆ ಹೊತ್ತಿತ್ತು. ಪೊಲೀಸರು ಸೋತಾಗ ಚಪ್ಪಾಳೆ. ನಾನೂ ತಟ್ಟಿದೆ. ಆದರೆ ಮರುದಿನ ನಮ್ಮ ಕಟ್ಟೆಯ ಮೇಲೆ ಒಂದು ಚರಗಿಯೂ ಬರಲಿಲ್ಲ.

ಕಾಕಾನ ಮಾತು ಹೇಳದೆ ಈ ಕಥೆ ಮುಂದೆ ಸಾಗದು. ಅವನು ಬೆಳಗಿನ ಪಾಳಿಯವನು. ಆಟಕ್ಕೆ ಎಲ್ಲರಿಗಿಂತ ಮೊದಲು ಬಂದು ಹಿಮ್ಮೇಳದ ಸಮೀಪ ಕೂಡುತ್ತಿದ್ದ, ಹಾಡಿಗೆ ತೊಡೆ ತಟ್ಟುತ್ತಿದ್ದ, ಸಂಗ್ಯಾನಿಗೆ ಕಣ್ಣೀರು ಹಾಕುತ್ತಿದ್ದ. ಬಾಳ್ಯಾ ಗೆಳೆಯನನ್ನು ಕರೆಯಲು ಬರುವ ಹೊತ್ತಿಗೆ ಭೋಂಗಾ ಆಗಿ, ಎದ್ದು, ಕಂಬಳಿ ಜಾಡಿಸಿ ಹೋಗುತ್ತಿದ್ದ. ಪಾಪ, ಒಮ್ಮೆಯಾದರೂ ಕಡೆತನಕ ನೋಡಲಿ ಎಂದು ನಮಗೆಲ್ಲ ಅನಿಸುತ್ತಿತ್ತು. ಆಮೇಲೆ ಅವನು ನಿವೃತ್ತನಾದ. ಆ ವರ್ಷದ ಜಾತ್ರೆಗೆ ಮೇಳ ಬಂತು. ಕಾಕಾನಿಗೆ ಮುಂದಿನ ಸಾಲಿನಲ್ಲಿ, ಒರಗಲು ಕಂಬವಿರುವ ಜಾಗ ಹಿಡಿದುಕೊಟ್ಟೆವು. ಬಾಳ್ಯಾ ಬಂದ. ಸಂಗ್ಯಾ ಪಟಕಾ ಸುತ್ತಿದ. ಭೋಂಗಾ ಆಯಿತು. ಕಾಕಾ ಎದ್ದು ಕಂಬಳಿ ಜಾಡಿಸಿದ.

"ಎಲ್ಲಿಗೆ ಕಾಕಾ? ಈಗ ಯಾವ ಪಾಳಿ?"

"ಭೋಂಗಾ ಆತಲ್ಲೋ" ಎಂದವನೇ ಹೊರಟ.

ನಾವು ನಕ್ಕೆವು. ಎತ್ತು ಗಾಣ ಬಿಟ್ಟರೂ ಸುತ್ತು ಬಿಡುವುದಿಲ್ಲವಲ್ಲ, ಹಾಗೆ ಎಂದುಕೊಂಡೆವು. ಆದರೆ ಮುಂದಿನ ವರ್ಷ ಮೇಳದವರು ಯಾಕೋ ತಡವಿಲ್ಲದೆ ಆಡಿ, ಭೋಂಗಾಕ್ಕಿಂತ ಬಹಳ ಮೊದಲೇ ಆ ಸಂದರ್ಭಕ್ಕೆ ಬಂದರು. ಹೊರಗೆ ಇನ್ನೂ ಕಗ್ಗತ್ತಲೆ. ಭೋಂಗಾ ಇಲ್ಲ, ಏನಿಲ್ಲ. ಕಾಕಾ ಎದ್ದು ಕಂಬಳಿ ಜಾಡಿಸಿದ. ಆಗ ಯಾರೂ ನಗಲಿಲ್ಲ.

ಅವನಿಗೆ ಒಬ್ಬ ಗೆಳೆಯನಿದ್ದ. ಇಬ್ಬರೂ ಒಂದೇ ಹಳ್ಳಿಯಿಂದ, ಒಂದೇ ದಿನ, ಒಂದೇ ಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡು ಮಿಲ್ಲಿಗೆ ಸೇರಲು ಬಂದವರಂತೆ. ತೂಗು ಸೇತುವೆಯ ಮೇಲೆ ಹೆಗಲಿಗೆ ಕೈ ಹಾಕಿ ನಿಂತ ಅವರ ಒಂದು ಫೋಟೊ ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು. ಸೇತುವೆ ಅಲುಗಿತೋ, ಫೋಟೊ ತೆಗೆದವನ ಕೈ ಅಲುಗಿತೋ, ಇಬ್ಬರ ಮುಖವೂ ಮಸುಕು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರ ಮಾತು ನಿಂತು ವರ್ಷಗಳಾಗಿದ್ದವು. ಒಂದೇ ಓಣಿ, ಒಂದೇ ಮಿಲ್ಲು, ಒಂದೇ ಚಹಾದಂಗಡಿ. ಒಬ್ಬರು ಬಂದರೆ ಇನ್ನೊಬ್ಬರು ಕಪ್ಪು ಕೆಳಗಿಟ್ಟು ಏಳುತ್ತಿದ್ದರು. ನಡುವೆ ಏನಾಗಿತ್ತು ಎಂದು ಕೇಳಿದರೆ ಅವ್ವ, "ದೊಡ್ಡವರ ಸುದ್ದಿ ನಿನಗ್ಯಾಕ" ಎನ್ನುತ್ತಿದ್ದಳು. ನಾವೇ ದೊಡ್ಡವರಾದ ಮೇಲೂ ಅದೇ ಉತ್ತರ. ಬಹುಶಃ ಅವಳಿಗೂ ಗೊತ್ತಿರಲಿಲ್ಲ. ಅವರಿಬ್ಬರಲ್ಲಿ ಸಂಗ್ಯಾ ಯಾರು, ಬಾಳ್ಯಾ ಯಾರು ಎಂಬುದು ನಮ್ಮ ಮನೆಯಲ್ಲಿ ಕೊನೆಗೂ ತೀರ್ಮಾನವಾಗಲಿಲ್ಲ. ಗೆಳೆಯನೂ ಆಟಕ್ಕೆ ಬರುತ್ತಿದ್ದ, ಆಚೆ ಬದಿಯಲ್ಲಿ ಕೂಡುತ್ತಿದ್ದ. ಅವನು ಮಾತ್ರ ಕಡೆತನಕ ಇರುತ್ತಿದ್ದನಂತೆ. ನಾನು ಮಲಗಿರುತ್ತಿದ್ದೆನಲ್ಲ, ಕಂಡಿಲ್ಲ.

ಆಯೇರಿ ಎಂದರೆ ನಮ್ಮ ಕಡೆ ಆಟದ ಜೀವ. ಪಾತ್ರಧಾರಿಯ ಹಾಡಿಗೆ ಮನಸೋತವರು ಐದೋ ಹತ್ತೋ ರೂಪಾಯಿ ಕೊಟ್ಟರೆ, ಅಲ್ಲಿಗೆ ಆಟ ನಿಲ್ಲಿಸಿ, ಕೊಟ್ಟವರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಯಾವ ಖಾತೆಯಲ್ಲಿ ಕೆಲಸ ಎಂಬುದನ್ನೆಲ್ಲ ಕೂಗಿ ಹೇಳಬೇಕು. ಕೊಲೆಯ ಸಂಚು ನಡೆದಿರುತ್ತದೆ. ಅಣ್ಣತಮ್ಮಂದಿರು ಹಲ್ಲು ಕಡಿಯುತ್ತಿರುತ್ತಾರೆ. ನಡುವೆ ಹಾರ್ಮೋನಿಯಂ ನಿಂತು, ಇಂಥವರು ಗಂಗಿಯ ಪಾತ್ರಕ್ಕೆ ಹತ್ತು ರೂಪಾಯಿ ಆಯೇರಿ ಮಾಡಿದ್ದಾರೆ ಎಂದು ಸಾರಿದರೆ, ಈರಣ್ಣನೂ ಹಲ್ಲು ಕಡಿಯುವುದನ್ನು ಬಿಟ್ಟು ಕೈಮುಗಿಯುತ್ತಿದ್ದ. ಪ್ರಕಟಣೆ ಮುಗಿದ ಮೇಲೆ ಮತ್ತೆ ಸಿಟ್ಟು. ನನ್ನ ಅಳಿಯನ ಕಂತುಗಳ ನಡುವೆ ಜಾಹೀರಾತು ಬಂದಾಗ ನನಗೆ ಹಿತವೆನಿಸುವುದು ಇದಕ್ಕೇ ಇರಬೇಕು.

ಆಯೇರಿ ಗಂಗಿಗೆ ಬರುತ್ತಿತ್ತು, ಸಂಗ್ಯಾನಿಗೆ ಬರುತ್ತಿತ್ತು. ಈರಣ್ಣನಿಗೂ ಹೆಂಡಿರ ಮೇಲೆ ಸಂಶಯವಿದ್ದ ಕೆಲವರು ಕೊಡುತ್ತಿದ್ದರು. ಆ ಹೆಸರುಗಳನ್ನು ಹೆಂಗಸರು ಕಿವಿಗೊಟ್ಟು ಕೇಳಿ ನೆನಪಿಡುತ್ತಿದ್ದರು. ಬಾಳ್ಯಾನಿಗೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಎಷ್ಟು ಚೆಂದ ಹಾಡಿದರೂ ಇಲ್ಲ. ಆ ಪಾತ್ರ ಮಾಡುತ್ತಿದ್ದವರು ಹೊಲದಲ್ಲಿ ದುಡಿಯುವ, ಮೆತ್ತಗಿನ ಮಾತಿನ ಮನುಷ್ಯ. ಇದ್ದ ಪಾತ್ರಗಳಲ್ಲೆಲ್ಲ ಕಷ್ಟದ್ದು ಅವರದೇ. ಕಣ್ಣಲ್ಲಿ ಗೆಳೆತನ, ಕಾಲಲ್ಲಿ ಮೋಸ. ಸಂಗ್ಯಾ ಬೀಳುವಾಗ ಅವರು ರಂಗದ ಅಂಚಿನಲ್ಲಿ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರೆಂದು ನೋಡಿದವರು ಹೇಳುತ್ತಿದ್ದರು. ಮಾತಿಲ್ಲ, ಹಾಡಿಲ್ಲ. ಹಿಮ್ಮೇಳವೂ ಸುಮ್ಮನೆ. ಬೆಳಿಗ್ಗೆ ಮೇಳದವರಿಗೆ ಮನೆಮನೆಯಲ್ಲಿ ಚಹಾ ಚುರಮುರಿ ಕೊಡುವಾಗ ಬಾಳ್ಯಾನ ಬಟ್ಟಲಿಗೆ ಚಹಾ ಅರ್ಧವೇ ಬೀಳುತ್ತಿತ್ತು. ಆಯಿಯಂತೂ ಅವರ ಮುಖಕ್ಕೇ, "ನಿನಗ್ಯಾಕೋ ಚಹಾ?" ಎಂದಿದ್ದಳು. ಅವರು ನಕ್ಕು, "ಹೌದ್ರಿ ಆಯಿ, ನಂಗ್ಯಾಕ" ಎಂದು ಅರ್ಧ ಬಟ್ಟಲನ್ನೇ ಕುಡಿದಿದ್ದರು.

ಭೋಂಗಾಕ್ಕಿಂತ ಮೊದಲೇ ಕಾಕಾ ಎದ್ದುಹೋದ ಆ ರಾತ್ರಿಯೇ ಅದು ನಡೆದದ್ದು. ಈ ಸಲ ನಾನು ಮಲಗಿರಲಿಲ್ಲ. ಬಾಳ್ಯಾ ಗೆಳೆಯನನ್ನು ಕರೆಯುವ ಹಾಡು ಮುಗಿದಿತ್ತು. ಹಾರ್ಮೋನಿಯಂ ನಿಂತಿತು. ಮೇಳದ ಹಿರಿಯರು ಕೈಯಲ್ಲಿ ನೋಟು ಹಿಡಿದುಕೊಂಡು ಮುಂದೆ ಬಂದರು. "ಬಾಳ್ಯಾನ ಪಾತ್ರಕ್ಕ" ಎಂದು ತಡೆದರು. ಮಂದಿಯಲ್ಲಿ ಗುಜುಗುಜು. "ಬಾಳ್ಯಾನ ಪಾತ್ರಕ್ಕ ಇಪ್ಪತ್ತು ರೂಪಾಯಿ ಆಯೇರಿ. ಕೊಟ್ಟವರು ಹೆಸರು ಹೇಳಬ್ಯಾಡ ಅಂದಾರ."

ಅಂಥ ಆಯೇರಿಯನ್ನು ಫಾಲ್ಸು ಕಂಡಿರಲಿಲ್ಲ. ಕೊಡುವುದೇ ಹೆಸರು ಕೂಗಿಸಿಕೊಳ್ಳುವುದಕ್ಕೆ. ಹೆಸರು ಬೇಡವೆಂದರೆ ಆ ರೊಕ್ಕಕ್ಕೆ ಅರ್ಥವೇನು? ಮರುದಿನ ಓಣಿಯ ತುಂಬ ಪತ್ತೇದಾರಿಕೆ. ಯಾರ ಬಳಿ ಇಪ್ಪತ್ತು ರೂಪಾಯಿ ಇತ್ತು, ಯಾರು ಆ ಹೊತ್ತಿಗೆ ರಂಗದ ಹಿಂದೆ ಸುಳಿದರು, ಯಾರ ಮುಖ ಬಾಡಿದೆ. ಒಬ್ಬೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು. ಹೇಳುವಾಗ ಒಬ್ಬೊಬ್ಬರ ದನಿಯೂ ಅಗತ್ಯಕ್ಕಿಂತ ತುಸು ಎತ್ತರದಲ್ಲಿತ್ತು. ನಮ್ಮ ಮನೆಯಲ್ಲಿ ಅವ್ವ ಒಗೆಯಲು ಹಾಕುವ ಮೊದಲು ಕಾಕಾನ ಅಂಗಿಯ ಕಿಸೆಗಳನ್ನು ಸಾವಕಾಶ ನೋಡಿದಳು. ಏನಿತ್ತು, ಏನಿರಲಿಲ್ಲ ಎಂದು ಹೇಳಲಿಲ್ಲ. ಆಚೆ ಮನೆಯ ಗೆಳೆಯನ ಕಿಸೆಯನ್ನು ಯಾರು ನೋಡಿದರೋ ತಿಳಿಯದು.

ಬಹಳ ವರ್ಷಗಳ ಮೇಲೆ, ಬಾಳ್ಯಾನ ಪಾತ್ರದವರು ಮುದುಕರಾಗಿ ಆಟ ಬಿಟ್ಟ ಮೇಲೆ, ಘಟಪ್ರಭಾ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕುಳಿತದ್ದು ಕಂಡಿತು. ಗುರುತು ಹೇಳಿಕೊಂಡೆ. ಚಹಾ ಕೊಡಿಸಿದೆ, ಪೂರ್ತಿ ಬಟ್ಟಲು. ಆ ಇಪ್ಪತ್ತು ರೂಪಾಯಿಯ ಮಾತು ತೆಗೆದೆ. ಅವರಿಗೆ ನಮ್ಮೂರು ನೆನಪಿತ್ತು, ಆ ರಾತ್ರಿ ವಿಶೇಷವಾಗಿ ನೆನಪಿರಲಿಲ್ಲ.

"ಅದೇನು ನಿಮ್ಮೂರಾಗ ಅಷ್ಟs ಅಲ್ರಿ" ಎಂದರು. "ಎಲ್ಲಾ ಊರಾಗೂ ಒಬ್ಬರು ಇರತಾರ. ಯಾವಾಗರೆ ಒಮ್ಮೆ ಬರ್ತೈತಿ, ಕತ್ತಲ್ಯಾಗ ಕೈಯಾಗ ತುರಕಿ ಹೋಗತಾರ. ಹೆಸರು ಹೇಳಬ್ಯಾಡ ಅಂತಾರ. ಒಬ್ಬರು ಕಾಲು ಮುಟ್ಟಾಕ ಬಂದಿದ್ರು. ಬಾಳ್ಯಾನ ಕಾಲು! ನಾ ಹಿಂದಕ ಸರದೆ."

"ನಿಮಗ ಏನ್ ಅನಸ್ತಿತ್ತು?"

"ಏನ್ ಅನಸೂದು? ಹಾರ್ಮೋನಿಯಂ ಮಾಸ್ತರಗ ಅರ್ಧಾ ಕೊಡಬೇಕಾಗ್ತಿತ್ತು" ಎಂದು ನಕ್ಕರು. ಗಾಡಿ ಬಂತು. ಹತ್ತಿ ಕುಳಿತ ಮೇಲೆ ಕಿಡಕಿಯಿಂದ ಬಗ್ಗಿ, "ಸಂಗ್ಯಾನ ಪಾತ್ರ ಮಾಡಂವಗ ಅಂಥಾ ರೊಕ್ಕ ಒಂದೂ ಬರಲಿಲ್ಲ ನೋಡ್ರಿ" ಎಂದರು.

ತೊಂಬತ್ತರ ದಶಕದ ಮೊದಲಲ್ಲಿ ಸುಂದರ ಕೃಷ್ಣ ಅರಸರು ಸಂಗ್ಯಾ ಬಾಳ್ಯಾವನ್ನು ಸಿನಿಮಾ ಮಾಡಿದರು. ನಮ್ಮ ಆಯಿಯ ಸರೀಕರೊಬ್ಬರು ನೋಡಿ ಬಂದು, "ಚಲೋ ಐತಿ, ಆದರ ಅಡಿಕಿ ಮುಗಿಯೂದರಾಗ ಸತ್ತs ಹೋದ" ಎಂದು ತೀರ್ಪು ಕೊಟ್ಟರು. ಮೇಳಗಳು ಈಗ ಕಡಿಮೆ. ಬಂದರೂ ರಾತ್ರಿ ಹನ್ನೆರಡಕ್ಕೆ ಮುಗಿಸಿ ಸಾಮಾನು ಕಟ್ಟುತ್ತವೆ. ಅವರಿಗೂ ಮರುದಿನದ ದುಡಿಮೆ ಇರುತ್ತದೆ. ಕಾಕಾ ಇಲ್ಲ, ಅವನ ಗೆಳೆಯನೂ ಇಲ್ಲ. ಒಬ್ಬ ಹೋದ ವರ್ಷದೊಳಗೇ ಇನ್ನೊಬ್ಬನೂ ಹೋದ. ಪೆಟ್ಟಿಗೆಯ ಫೋಟೊವನ್ನು ನಮ್ಮ ಮನೆಯವರು ಯಾಕೋ ಗೋಡೆಗೆ ಹಾಕಿಲ್ಲ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದಲೇ ಕೇಳಿದ, ಒಂದೂವರೆ ಪಟ್ಟಿಗೆ ಏರಿಸುವ ಗುಂಡಿ ನನಗಿಲ್ಲವಲ್ಲ. ಆಮೇಲೆ, "ಹಂಗಾರ ಆ ಇಪ್ಪತ್ತು ರೂಪಾಯಿ ಕೊಟ್ಟಾಂವ ಯಾರು ಮಾಮಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಕಡೀಗೂ ತಿಳಿಯಲಿಲ್ಲೇನು? ಇದ್ಯಾತರ ಕಥಿ" ಎಂದು ಎದ್ದುಹೋದ.

ನಿಮ್ಮ ಊರಿಗೆ ಎಂದಾದರೂ ಮೇಳ ಬಂದರೆ ಹೋಗಿ ಕೂಡ್ರಿ. ಗಂಗಿಗೆ ಕೊಡ್ರಿ, ಸಂಗ್ಯಾನಿಗೆ ಕೊಡ್ರಿ, ಬಾಳ್ಯಾನ ಪಾತ್ರದವನಿಗೂ ಒಂದು ನೋಟು ತೆಗೆದಿಡ್ರಿ. ಅವನ ಪಾತ್ರ ಕಷ್ಟದ್ದು, ಸಂಪಾದನೆ ಕಡಿಮೆ. ಹೆಸರು ಕೂಗಿಸಲೇಬೇಕೆಂದೇನಿಲ್ಲ.